ಬೊಳ್ಳಿ ಸೇಫ್ಟಿಗೆ ಹೊರಟ ದಿನ

ದೇರಣ್ಣನ ಗ್ರಹಚಾರಕ್ಕೆಲ್ಲ ಕಾರಣ ಒಂದು ಮೈಕು ನೋಡಿ. ಒಂಟಾರಿಯೋದ ನಮ್ಮ ಜನರ ಸಂಕ್ರಾಂತಿ ಕಾರ್ಯಕ್ರಮದಲ್ಲಿ ಯಾರೋ ಪುಣ್ಯಾತ್ಮರು ಅದನ್ನ ಅವನ ಕೈಗೆ ತುರುಕಿ, "ಹೊಸ ಕಾರು ತಗೊಂಡಿದೀರಂತೆ, ಎರಡು ಮಾತಾಡಿ" ಅಂದ್ರು. ಮೈಕು ಕೈಗೆ ಸಿಕ್ಕಿದ ಮನುಷ್ಯನ ನಾಲಿಗೆಗೆ ಬ್ರೇಕು ಎಲ್ಲಿರುತ್ತೆ? "ಹೊಸದು ನನಗೆ! ಹಳೇದು ನಮ್ಮ ಪಂಕಜನ ಹೆಸರಿಗೆ! ಅವಳು ಕೆಲಸಕ್ಕೆ ಸೇರುವ ಮೊದಲೇ ಬರೆದು ಕೊಡ್ತೇನೆ!" ಅಂತ ಹಾಲ್ ತುಂಬಾ ಕೂತ ಜನರೆದುರು ಘೋಷಣೆ ಮಾಡಿಬಿಟ್ಟ. ಚಪ್ಪಾಳೆಯೋ ಚಪ್ಪಾಳೆ.

ಹೆಂಡತಿ ಪಂಕಜಾ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಮನೆಗೆ ಬಂದು ಬೂಟು ಬಿಚ್ಚುತ್ತಾ ಹೇಳಿದ್ಲು. ಅವರಿಬ್ಬರದು ಮನೇಲಿ ತುಳು, ನಾನು ನಿಮಗೋಸ್ಕರ ಕನ್ನಡದಲ್ಲಿ ಹೇಳ್ತಾ ಇದೀನಿ. "ಆಯ್ತು ಮಾರಾಯ್ರೆ, ಹಳೇದೇ ಕೊಡಿ. ಸೋಮವಾರದಿಂದ ನಂಗೆ ಊರಿನ ಆ ತುದಿ ಎರಿನ್ ಮಿಲ್ಸಲ್ಲಿ ಕೆಲಸ, ಬೆಳಿಗ್ಗೆ ಕತ್ತಲೆಗೇ ಹೋಗ್ಲಿಕ್ಕುಂಟು. ಶನಿವಾರದ ಒಳಗೆ ಬೊಳ್ಳಿ ನನ್ನ ಹೆಸರಿಗೆ ಆಗದಿದ್ರೆ ನಾನು ಹೊಸ ಕಾರು ತಕ್ಕೊಂಡು ಹೋಗ್ತೇನೆ. ನೀವು ಬಸ್ಸಲ್ಲಿ ಹೋಗಿ."

ಬೊಳ್ಳಿ ಅಂದ್ರೆ ತುಳುವಲ್ಲಿ ಬೆಳ್ಳಿ. ಬೆಳ್ಳಿ ಬಣ್ಣದ ಹಳೇ ಕಾರಿಗೆ ದೇರಣ್ಣ ಇಟ್ಟಿದ್ದ ಹೆಸರು. ಇನ್ನು ಆ ಹೊಸ ಕಾರು! ಅದನ್ನ ಗ್ಯಾರೇಜೊಳಗೆ ನಿಲ್ಲಿಸಿ, ದಿನಾ ರಾತ್ರಿ ಊಟ ಆದಮೇಲೆ ಹೋಗಿ ಸುಮ್ನೆ ಅದರೊಳಗೆ ಕೂತು ಬರೋನು. ಸೀಟು ಬಿಸಿ ಆಗೋದಂತೆ, ಸ್ಟೀರಿಂಗೂ ಬಿಸಿ ಆಗೋದಂತೆ. ಏರ್‌ಪೋರ್ಟಲ್ಲಿ ಇಪ್ಪತ್ತು ವರ್ಷ ಚಳಿಯಲ್ಲಿ ಲಗೇಜು ಎತ್ತಿದ ಮನುಷ್ಯ, ಕೊನೆಗೂ ಒಂದು ಬಿಸಿ ಸೀಟಿಗೆ ಕುಂಡೆ ಇಟ್ಟಿದ್ದ. ಅದನ್ನ ಬಿಟ್ಟು ಬಸ್‌ಸ್ಟಾಪಲ್ಲಿ ನಿಲ್ಲೋದಾ? ಸಾಧ್ಯವೇ ಇಲ್ಲ!

ಈಗ ಈ ದೇಶದಲ್ಲಿ ಹಳೇ ಗಾಡಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗ್ಬೇಕಂದ್ರೆ ಮೆಕ್ಯಾನಿಕ್ಕು ಬ್ರೇಕು, ಲೈಟು, ಗಾಜು, ಕನ್ನಡಿ ಎಲ್ಲ ನೋಡಿ, ರೋಡಿಗೆ ಬಿಡಬಹುದು ಅಂತ ಸರ್ಟಿಫಿಕೇಟು ಕೊಡ್ಬೇಕು. ಅದಕ್ಕೆ ಇಲ್ಲಿ 'ಸೇಫ್ಟಿ' ಅಂತಾರೆ. ಇದನ್ನ ದೇರಣ್ಣನಿಗೆ ತಿಳಿಸಿಕೊಟ್ಟವನು ಪಕ್ಕದ ಮನೆ ರಘುನಾಥ. ಮೈಸೂರಿನೋನು, ಸಾಫ್ಟ್‌ವೇರು, ಕೇಳದೇ ಇದ್ರೂ ಹೇಳೋ ಜಾತಿ. "ರೀ ದೇರಣ್ಣ, ಓನರ್ ಚೇಂಜ್ ಅಂದ್ರೆ ಸೇಫ್ಟಿ ಬೇಕೇ ಬೇಕು. ನನ್ನ ಮಾತು ಕೇಳಿ, ಕಣ್ಮುಚ್ಕೊಂಡು ಮಾಡಿಸ್ಬಿಡಿ."

ಬೊಳ್ಳಿ ಏನೂ ಕಂಡಮ್ ಗಾಡಿ ಅಲ್ಲ. ಹೊಸ ಬ್ರೇಕು, ಹೊಸ ಟೈರು. ನಮ್ಮ ಬಡಾವಣೆ ಮಾಲ್ಟನ್‌ನಲ್ಲೇ ಗ್ಯಾರೇಜು ಇಟ್ಟಿರೋ ಸರ್ದಾರ್ಜಿ ಹಿಂದಿನ ವಾರವೇ ಇಣುಕಿ ನೋಡಿ, "ಅಂಕಲ್‌ಜೀ, ಆಂಖ್ ಬಂದ್ ಕರ್‌ಕೇ ಪಾಸ್", ಕಣ್ಮುಚ್ಕೊಂಡು ಪಾಸ್, ಅಂದಿದ್ದ. ಹಾಗೇ ತಗೊಂಡು ಹೋಗಿದ್ರೆ ನಾನು ಈ ಕತೆ ಹೇಳೋ ಹಾಗೇ ಇರ್ಲಿಲ್ಲ. ಆದ್ರೆ ನಮ್ಮ ಜನ ಪರೀಕ್ಷೆಗೆ ಹೊರಟ ಯಾರನ್ನಾದ್ರೂ ಹಾಗೇ ಕಳಿಸ್ತಾರಾ?

"ಸ್ನಾನ ಮಾಡಿಸಿ, ಒಂದು ಪೂಜೆ ಮಾಡಿ ಕಳಿಸುವ. ಇನ್ನು ಅದು ನನ್ನ ಗಾಡಿ" ಅಂದ್ಲು ಪಂಕಜಾ.

ಶನಿವಾರ ಬೆಳಿಗ್ಗೆ ಹೊರಗೆ ಮೈನಸ್ ಇಪ್ಪತ್ಮೂರು. ಉಸಿರು ಎಳೆದ್ರೆ ಮೂಗಿನ ಕೂದಲೆಲ್ಲ ಚಕ್ಕುಲಿ ಥರ ಗರಿಗರಿ. ಆ ಚಳೀಲಿ ದೇರಣ್ಣ ಬಚ್ಚಲಿಂದ ಬಕೆಟ್ ತಂದು, ಎಮ್ಮೆಗೆ ಹೊಯ್ದ ಹಾಗೆ ಬೊಳ್ಳಿ ತಲೆ ಮೇಲೆ ದಬದಬ ಹೊಯ್ದ! ರಸ್ತೆ ಉಪ್ಪೆಲ್ಲ ಇಳೀತು, ಬಣ್ಣ ಫಳಫಳ ಹೊಳೀತು. ಎರಡನೇ ಬಕೆಟ್ಟು, ಮೂರನೇ ಬಕೆಟ್ಟು. ಬಟ್ಟೆ ತಗೊಂಡು ಒರೆಸೋಣ ಅಂತ ತಿರುಗೋದ್ರೊಳಗೆ ಇಡೀ ಕಾರು ಪಾಕದಲ್ಲಿ ಅದ್ದಿ ತೆಗೆದ ಬಾದುಷಾ ಆಗಿ ಕೂತಿತ್ತು. ಬಾಗಿಲು ಎಳೆದ, ಬರ್ಲಿಲ್ಲ. ಕಾಲು ಕೊಟ್ಟು ಎಳೆದ, ಕೈಗ್ಲೌಸು ಹ್ಯಾಂಡಲ್‌ಗೇ ಅಂಟಿಕೊಂಡಿತು, ದೇರಣ್ಣ ಹಿಮದಲ್ಲಿ ಕೂತ.

"ನಿಮ್ಗೆ ಫಿಸಿಕ್ಸ್ ಗೊತ್ತಿಲ್ಲ ಬಿಡಿ!" ರಘುನಾಥ ಕಾಫಿ ಲೋಟ ಹಿಡ್ಕೊಂಡೇ ಬೇಲಿ ದಾಟಿ ಬಂದ. "ಐಸ್‌ಗೆ ಏನು ಬೇಕು? ಹೀಟ್! ಕುದಿಯೋ ನೀರು ತನ್ನಿ ಸಾರ್."

ಪಂಕಜಾ ಒಳಗಿಂದ ಕುದಿಯೋ ನೀರು ಪಾತ್ರೆ ಸಮೇತ ತಂದ್ಲು. ಬಾಗಿಲ ಸಂದಿಗೆ ಹೊಯ್ದ್ರು, ಬಾಗಿಲು ಟಪ್ ಅಂತ ತೆರೀತು! "ನೋಡಿದ್ರಾ!" ಅಂತ ರಘುನಾಥ ಕುಣಿದ. ದೇರಣ್ಣನಿಗೂ ಹುಮ್ಮಸ್ಸು ಬಂತು. ಪಾತ್ರೆ ಎತ್ತಿ ಉಳಿದದ್ದನ್ನೆಲ್ಲ ಮುಂದಿನ ಗಾಜಿಗೆ ಸುರಿದ.

ಟಕ್!

ಸಣ್ಣ ಶಬ್ದ ಅಷ್ಟೇ. ಗಾಜಿನ ಈ ತುದಿಯಿಂದ ಒಂದು ಗೆರೆ ಹೊರಟಿತು, ಆ ತುದಿಯಿಂದ ಇನ್ನೊಂದು. ಎರಡೂ ಆರಾಮಾಗಿ ಹರ್ಕೊಂಡು ಬಂದು, ನೇತ್ರಾವತಿ ಕುಮಾರಧಾರಾ ಉಪ್ಪಿನಂಗಡೀಲಿ ಕೂಡೋ ಹಾಗೆ ನಟ್ಟ ನಡುವೆ ಕೂಡಿದವು. ಮೂರೂ ಜನ ಬಾಯಿ ಬಿಟ್ಟು ನೋಡ್ತಾ ನಿಂತ್ರು.

"ಎಂಥದಿದು?" ಅಂದ್ಲು ಪಂಕಜಾ.

"ಅದು... ಹೀಟು ಸ್ವಲ್ಪ ಜಾಸ್ತಿ ಆಯ್ತು" ಅಂದ ರಘುನಾಥ. "ಟೆನ್ಷನ್ ಬೇಡ. ಹೂವಿನ ಹಾರ ಇದ್ಯಲ್ಲ, ಅಡ್ಡ ಕಟ್ಟಿಬಿಡಿ. ಗಾಜು ಒಡೆದಿದ್ದು ದೇವ್ರಿಗೆ ಮಾತ್ರ ಗೊತ್ತಾಗುತ್ತೆ."

ಹಾರ ಕಟ್ಟಿದ್ದೂ ಆಯ್ತು, ಕುಂಕುಮ ಹಚ್ಚಿದ್ದೂ ಆಯ್ತು. ಊದುಬತ್ತಿ ಹೊತ್ತಿಕೊಳ್ಳಲಿಲ್ಲ, ಲೈಟರೇ ಚಳಿ ಹಿಡಿದು ಸತ್ತಿತ್ತು. ಸರಿ, ಇನ್ನು ಕಾಯಿ. ಕಾಯಿ ಎಲ್ಲಿತ್ತು ಅಂತೀರಿ? ವಾರದಿಂದ ಹಿತ್ತಲ ಬಾಗಿಲ ಹೊರಗಿನ ಚೀಲದಲ್ಲಿ, ನಿಂಬೆಹಣ್ಣಿನ ಜೊತೆ. ಫ್ರಿಜ್ಜಲ್ಲಿ ಜಾಗ ಇಲ್ಲ, ಊರೇ ಫ್ರಿಜ್ಜಾಗಿರೋವಾಗ ಒಳಗೆ ಯಾಕೆ ಅಂತ ದೇರಣ್ಣನೇ ಇಟ್ಟಿದ್ದ. ಒಳಗಿನ ನೀರು ಕಲ್ಲಾಗಿ, ಕಾಯಿ ಶಾಟ್‌ಪುಟ್ ಗುಂಡಿನ ಹಾಗೆ ಭಾರ. ದೇರಣ್ಣ ಕಾರಿಗೆ ಮೂರು ಸುತ್ತು ನಿವಾಳಿಸಿ, "ಗಣಪತೀ!" ಅಂತ ಕೂಗಿ ನೆಲಕ್ಕೆ ಅಪ್ಪಳಿಸಿದ. ನೆಲ ಪೂರ್ತಿ ಐಸು. ಕಾಯಿ ಒಡೀಲಿಲ್ಲ. ಚೆಂಡಿನ ಹಾಗೆ ಪುಟಿದು, ಸೀದಾ ಬೊಳ್ಳಿಯ ಎಡಗಣ್ಣಿಗೆ, ಅಂದ್ರೆ ಹೆಡ್‌ಲೈಟಿಗೆ, ಫಟಾರ್!

"ಅಯ್ಯೋ ದೇವ್ರೇ, ಕಾಯಿ ಒಡೀಲಿಲ್ಲ! ಅಪಶಕುನ!" ಅಂತ ಪಂಕಜಾ ಕೂಗಿದ್ಲು.

"ಲೈಟು ಒಡೀತಲ್ಲ ಮಾರಾಯ್ತಿ, ಸಾಲದಾ!" ಅಂತ ದೇರಣ್ಣ ಅದಕ್ಕಿಂತ ಜೋರಾಗಿ ಕೂಗಿದ.

ಈ ಗಲಾಟೆಗೆ ಎದುರುಮನೆ ಕಿಟಕಿ ತೆರೀತು. ಶಾರದವ್ವ! ಧಾರವಾಡದೋರು, ಮಗನ ಮನೆಗೆ ಬಂದು ಚಳಿಗೆ ಸಿಕ್ಕಿಬಿದ್ದು, ಮೂರು ತಿಂಗಳಿಂದ ಆ ಕಿಟಕಿಯಿಂದಲೇ ಇಡೀ ಬೀದಿ ಆಳ್ತಾ ಇದ್ದೋರು.

"ಏ ದೇರಣ್ಣಾ! ಏನ್ ನಡಸೀಯೋ ಯಪ್ಪಾ? ಗಾಲಿ ಬುಡಕ ಲಿಂಬಿಹಣ್ಣ ಇಡಲಾರದ ಪೂಜಿ ಮಾಡ್ತಾರೇನ? ಅದಕ್ಕ ಹಿಂಗ ಆಗಾಕತ್ತೈತಿ! ನಾಕೂ ಗಾಲಿಗೆ ಇಡು, ಹತ್ತಿಸಿಕೊಂಡು ಹೋಗು!"

ನಿಂಬೆಹಣ್ಣೂ ಅದೇ ಚೀಲದ್ದು, ಗೋಲಿಗುಂಡಿನಷ್ಟೇ ಗಟ್ಟಿ. ನಾಕೂ ಚಕ್ರಕ್ಕೆ ಇಟ್ಟು ದೇರಣ್ಣ ಒಳಗೆ ಕೂತು ಆಕ್ಸಲರೇಟರ್ ಒತ್ತಿದ. ಅವನೇ ಮಾಡಿದ ಐಸಲ್ಲಿ ಚಕ್ರ ಗಿರ್ರಂತ ತಿರುಗಿತೇ ಹೊರತು ಗಾಡಿ ಕದಲಲಿಲ್ಲ.

"ಇನ್ನೂ ಒತ್ರೀ! ನಾನು ತಳ್ತೀನಿ!" ಅಂತ ರಘುನಾಥ ಡ್ರೈವರ್ ಬಾಗಿಲ ಹತ್ರ ನಿಂತು ಹೆಗಲು ಕೊಟ್ಟ.

"ಒತ್ತಬೇಡಿ!" ಅಂದ್ಲು ಪಂಕಜಾ.

"ಒತ್ತೋ ಯಪ್ಪಾ!" ಅಂದ್ರು ಶಾರದವ್ವ.

ದೇರಣ್ಣ ಒತ್ತಿದ. ಚಕ್ರದ ಬುಡದಿಂದ ನಿಂಬೆಹಣ್ಣು ಬಂದೂಕಿನ ಗುಂಡಿನ ಹಾಗೆ ಹಾರಿ ರಘುನಾಥನ ಮೊಣಕಾಲ ಚಿಪ್ಪಿಗೆ ಬಡೀತು. "ಅಮ್ಮಾ!" ಅಂತ ಬೀಳ್ತಾ ಅವನು ಕೈಗೆ ಸಿಕ್ಕಿದ್ದನ್ನ ಹಿಡ್ಕೊಂಡ. ಸಿಕ್ಕಿದ್ದು ಸೈಡ್ ಮಿರರ್. ಆ ಚಳಿಗೆ ಪ್ಲಾಸ್ಟಿಕ್ಕು ಹಪ್ಪಳ ಆಗಿರುತ್ತೆ. ಲಟಕ್! ರಘುನಾಥ ಅಂಗಾತ ಬಿದ್ದು ಕನ್ನಡೀಲಿ ತನ್ನ ಮುಖ ತಾನೇ ನೋಡ್ಕೊಂಡ. ಗಾಡಿ ಮಾತ್ರ ಸರ್ರಂತ ರಸ್ತೆಗೆ ಇಳೀತು.

"ನೋಡ್ದ್ಯಾ! ಹೊಂಟ್ತು!" ಅಂತ ಶಾರದವ್ವ ಚಪ್ಪಾಳೆ ತಟ್ಟಿದ್ರು.

ಪಂಕಜಾ ಓಡಿ ಹೋಗಿ ಒಳಗೆ ಹತ್ತಿದ್ಲು.

ಗ್ಯಾರೇಜಲ್ಲಿ ಸರ್ದಾರ್ಜಿ ಬೊಳ್ಳಿಗೆ ಒಂದು ಸುತ್ತು ಬಂದ. ಹಾರ ಎತ್ತಿ ಗಾಜು ನೋಡಿದ, ಒಡೆದ ಕಣ್ಣು ನೋಡಿದ, ಕಿವಿ ಕಿತ್ತ ಜಾಗ ನೋಡಿದ. ಮತ್ತೊಂದು ಸುತ್ತು ಬಂದ.

"ಅಂಕಲ್‌ಜೀ, ಆಕ್ಸಿಡೆಂಟ್ ಹುವಾ?"

"ನಹೀಂ ಜೀ" ಅಂದ ದೇರಣ್ಣ, ತಲೆ ತಗ್ಗಿಸಿ. "ಪೂಜಾ ಹುವಾ."

ಸರ್ದಾರ್ಜಿ ನಗಲಿಲ್ಲ, ಪಾಪ, ಒಳ್ಳೇ ಮನುಷ್ಯ. ಗಡ್ಡದೊಳಗೇ ಏನೋ ನುಂಗಿಕೊಂಡು, ಗಾಡಿ ಮೇಲೆತ್ತಿ ಕೆಳಗೆಲ್ಲ ನೋಡಿ ಬಂದ. ಬ್ರೇಕು ಫಸ್ಟ್ ಕ್ಲಾಸ್, ಟೈರು ಫಸ್ಟ್ ಕ್ಲಾಸ್, ಇಂಜಿನ್ನಂತೂ ಕೇಳ್ಲೇಬೇಡಿ. ಆದ್ರೆ ಗಾಜು, ಲೈಟು, ಕನ್ನಡಿ, ಮೂರಕ್ಕೂ ಫೇಲ್. ಸಾಮಾನು ಬರೋದು ಬುಧವಾರ.

"ಬುಧವಾರವಾ!" ದೇರಣ್ಣನ ಕಣ್ಣೆದುರು ಸೋಮವಾರ ಬೆಳಗಿನ ಬಸ್‌ಸ್ಟಾಪು ಬಂದು ನಿಂತಿತು. "ಪಂಕಜಾ, ಮೂರು ದಿವಸ ಮಾರಾಯ್ತಿ, ಯಾರದ್ದಾದ್ರೂ ಕಾರಲ್ಲಿ ಹೋಗ್ಲಿಕ್ಕೆ ಆಗ್ಲಿಕ್ಕಿಲ್ವಾ?"

ಪಂಕಜಾ ಬೊಳ್ಳಿ ಬಾಗಿಲು ತೆಗೆದು ಕೂತ್ಲು. "ಸುಮ್ನೆ ನಡೀರಿ. ಹೆಸರು ಬದಲಿಸುವ ಆಫೀಸಲ್ಲೇ, ಸರ್ವಿಸ್ ಒಂಟಾರಿಯೋದಲ್ಲಿ, ಕೇಳುವ. ಸೇಫ್ಟಿ ಆಮೇಲೆ ಕೊಡ್ತೇವೆ, ಹೆಸರು ಈಗ ಬದಲಿಸಿ ಅಂತ. ಬಾಯಿ ಇದ್ದವರು ಕೇಳ್ಬೇಕು."

ಕೌಂಟರು ಮುಚ್ಚೋಕೆ ಇನ್ನೇನು ಸ್ವಲ್ಪ ಹೊತ್ತು ಇತ್ತು. ಗುಂಗುರು ಕೂದಲಿನ ಒಬ್ಬ ಹೆಂಗಸು, ಕೋಟು ಆಗಲೇ ಒಂದು ತೋಳಿಗೆ ಹಾಕ್ಕೊಂಡಿದ್ಲು. ದೇರಣ್ಣ ಏದುಸಿರು ಬಿಡ್ತಾ ತನ್ನ ರಾಮಾಯಣ ಎಲ್ಲ ಇಂಗ್ಲಿಷಲ್ಲಿ ಒದರಿದ: ಗಾಡಿ ಹೆಂಡತಿ ಹೆಸರಿಗೆ ಆಗ್ಬೇಕು, ಸೇಫ್ಟಿ ಫೇಲು, ಬುಧವಾರ, ದಯವಿಟ್ಟು, ಮೇಡಂ, ಪ್ಲೀಸ್.

ಅವಳು ಒಂದೇ ಪ್ರಶ್ನೆ ಕೇಳಿದ್ಲು. "ನೀವಿಬ್ರೂ ಗಂಡ ಹೆಂಡತೀನಾ?"

"ಹೌದು! ಇಪ್ಪತ್ತಾರು ವರ್ಷ!"

"ಹಾಗಾದ್ರೆ ಸೇಫ್ಟಿ ಯಾಕೆ? ಗಂಡ ಹೆಂಡತಿ ಮಧ್ಯೆ ಬದಲಾಯಿಸೋಕೆ ಅದು ಬೇಡ. ಸೈನ್ ಮಾಡಿ, ಮುಗೀತು."

ದೇರಣ್ಣ ಅಲ್ಲೇ ಒಂದಡಿ ಮೇಲೆ ಹಾರಿದ! ಬೇಕೇ ಇರಲಿಲ್ಲ! ಸ್ನಾನ ಬೇಡ, ಕಾಯಿ ಬೇಡ, ಏನೂ ಬೇಡವಾಗಿತ್ತು! ಹೋಗ್ಲಿ, ಗಾಜು ಆಮೇಲೆ ಹಾಕಿಸಿದ್ರಾಯ್ತು, ಹೊಸ ಕಾರು ಉಳೀತಲ್ಲ! "ಪಂಕಜಾ, ಗೆದ್ದೆವು ಮಾರಾಯ್ತಿ!" ಅಂತ ಎದೆ ಜೇಬಿನ ಪರ್ಸಿಂದ ಬೊಳ್ಳಿಯ ಕಾಗದ ಎಳೆದ. ಆ ಆತುರಕ್ಕೆ ಜೊತೆಗಿದ್ದ ಇನ್ನೊಂದು ಕಾಗದವೂ ಹೊರಬಂದು ಕೌಂಟರ್ ಮೇಲೆ ಬಿತ್ತು. ಹೊಸ ಕಾರಿಂದು. ಅದನ್ನ ಅವನು ದೇವರ ಪಟದ ಹಾಗೆ ಸದಾ ಎದೆ ಮೇಲೇ ಇಟ್ಕೊಂಡಿರೋನು.

ಪಂಕಜಾ ಎರಡೂ ಕಾಗದ ನೋಡಿದ್ಲು. ಕಿಟಕಿಯಿಂದ ಹೊರಗೆ ಪಾರ್ಕಿಂಗ್ ಲಾಟಲ್ಲಿ ಒಕ್ಕಣ್ಣಿ, ಒಕ್ಕಿವಿ ಆಗಿ, ಹಾರ ಹಾಕ್ಕೊಂಡು ನಿಂತಿದ್ದ ಬೊಳ್ಳೀನ ನೋಡಿದ್ಲು. ಆಮೇಲೆ ತನ್ನ ಜೋಡಿಸಿ ಜೋಡಿಸಿ ಆಡೋ ಇಂಗ್ಲಿಷಲ್ಲಿ, ತುಂಬಾ ಮರ್ಯಾದೆಯಿಂದ ಕೇಳಿದ್ಲು.

"ಮೇಡಂ, ಹಸ್‌ಬೆಂಡ್ ಟು ವೈಫ್... ಎನಿ ಕಾರ್?"

"ಎನಿ ಕಾರ್, ಡಿಯರ್."

ಪಂಕಜಾ ಹೊಸ ಕಾರಿನ ಕಾಗದದ ಮೇಲೆ ಒಂದು ಬೆರಳಿಟ್ಟು, ಮೆಲ್ಲಗೆ ಗಂಡನ ಕಡೆ ಜರುಗಿಸಿದ್ಲು.

"ಇದಲ್ಲ ಮಾರಾಯ್ತಿ, ಅದು..."

"ಕತ್ತಲೆಗೆ ಕೆಲಸಕ್ಕೆ ಹೋಗುವವಳು ನಾನು. ಲೈಟಿಲ್ಲದ ಗಾಡೀಲಿ ಹೇಗೆ ಹೋಗ್ಲಿ, ನೀವೇ ಹೇಳಿ."

"ಬುಧವಾರ ಸರಿಯಾಗ್ತದಲ್ಲ!"

"ಬುಧವಾರ ಸರಿ ಮಾಡಿ. ಗುರುವಾರ ಇನ್ನೊಂದು ಪೂಜೆ ಮಾಡಿ. ಯಾರು ಬೇಡ ಅಂತಾರೆ?"

ಹಿಂದೆ ಸಾಲಲ್ಲಿ ನಿಂತೋರು ಗೊಣಗೋಕೆ ಶುರುಮಾಡಿದ್ರು. ಕೌಂಟರಿನೋಳು ಕೋಟಿನ ಎರಡನೇ ತೋಳೂ ಹಾಕ್ಕೊಂಡು ಪೆನ್ನು ಮುಂದೆ ಹಿಡಿದ್ಲು. ದೇರಣ್ಣ ಹೆಂಡತಿ ಮುಖ ನೋಡಿದ. ಇಪ್ಪತ್ತಾರು ವರ್ಷದಲ್ಲಿ ಆ ಮುಖ ಅವನು ಎರಡೋ ಮೂರೋ ಸಲ ಕಂಡಿದ್ದ, ಒಂದು ಸಲವೂ ಗೆದ್ದಿರಲಿಲ್ಲ. ಸೈನ್ ಮಾಡಿದ.

"ಹಾಗಾದ್ರೆ... ನನಗೆ ಆ ಹಳೇ ಗಾಡಿ?" ಅಂತ ಸಣ್ಣ ಸ್ವರದಲ್ಲಿ ಕೌಂಟರಿನೋಳನ್ನೇ ಕೇಳಿದ.

"ಅದಕ್ಕೇನೂ ಮಾಡೋದು ಬೇಡ ಸರ್" ಅಂದ್ಲು ಅವಳು, ನಗ್ತಾ. "ಅದು ಆಗಲೇ ನಿಮ್ದೇ."

ಕತ್ತಲಾಗೋದ್ರೊಳಗೆ ಮನೆ ಸೇರ್ಬೇಕಲ್ಲ. ದೇರಣ್ಣ ನೇತ್ರಾವತಿ ಕುಮಾರಧಾರೆಯ ಸಂದಿಯಿಂದ ರಸ್ತೆ ಹುಡುಕ್ತಾ, ಹಾಳು ಮೋರೆ ಹಾಕ್ಕೊಂಡು ಮನೆ ಮುಂದೆ ತಿರುಗಿಸಿದ. ಪಂಕಜಾ ಥಟ್ಟನೆ ಅವನ ತೋಳು ಹಿಡಿದ್ಲು.

"ಸ್ವಲ್ಪ ನಿಲ್ಸಿ, ನಿಲ್ಸಿ. ಒಳಗೆ ತರಬೇಡಿ ಮಾರಾಯ್ರೆ, ಆಚೆ ರೋಡಲ್ಲೇ ಇರಲಿ. ನನ್ನ ಕಾರಿಗೆ ಎಲ್ಲಾದ್ರೂ ತಾಗೀತು."