ಮಗಳ ಬಂದೂಕಿಗೆ ಹೊಸ ಸ್ಟಾಕ್

ಎರಡು ಸ್ಕ್ರೂ ಬಿಚ್ಚಿ ಎರಡು ಸ್ಕ್ರೂ ಹಾಕಿದರೆ ಮುಗಿಯುವ ಕೆಲಸ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಮಗಳಿಗೆ ಹಾಗೆ ಹೇಳಿದವನು ನಾನೇ ಆದ್ದರಿಂದ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ. ಅಮೆರಿಕದ ನೇಪರ್‌ವಿಲ್‌ನಲ್ಲಿ ನೀರಿನ ಪಂಪುಗಳ ವಿನ್ಯಾಸ ಮಾಡುವ ಇಂಜಿನಿಯರ್ ನಾನು, ಮೊಟ್ಟೆಯನ್ನೂ ಮುಟ್ಟದವನು. ಆನ್ ಆರ್ಬರ್‌ನಲ್ಲಿ ಡಾಕ್ಟರಾಗಿರುವ ಮಗಳು ಮೇಘಾ, ಈ ಸಲ ಗೆಳತಿಯರ ಜೊತೆ ಜಿಂಕೆ ಬೇಟೆಗೆ ಹೋಗುವುದಾಗಿ ಫೋನಿನಲ್ಲಿ ತಿಳಿಸಿದಾಗ "ಬಂದೂಕು ಎಷ್ಟು ಭಾರ ಅದ?" ಎಂದು ಕೇಳಿದೆ. ಗಾಬರಿಯಾದಾಗ ನನಗೆ ಇಂಥ ಪ್ರಶ್ನೆಗಳೇ ಹೊಳೆಯುತ್ತವೆ. ಇದೇ ಮಗಳು ಹುಟ್ಟುವ ದಿನ, ಹೆಂಡತಿ ನೋವಿನಿಂದ ಕೂಗುತ್ತಿದ್ದರೆ, ನಾನು ಕಾರಿನ ಟೈರಿನಲ್ಲಿ ಗಾಳಿ ಎಷ್ಟಿದೆ ಎಂದು ನೋಡುತ್ತಿದ್ದೆನಂತೆ.

ಬಂದೂಕು ಹಗುರವೇ ಆಗಿತ್ತು. ಆದರೆ ಭುಜಕ್ಕೆ ಆನಿಸಿಕೊಳ್ಳುವ ಮರದ ಭಾಗ, ಅದನ್ನು ಸ್ಟಾಕ್ ಎನ್ನುತ್ತಾರೆ, ಅವಳ ಕೈಗೆ ಉದ್ದವಾಗಿತ್ತು. ಬೇರೆ ಕಂಪನಿಯ ಗಿಡ್ಡನೆಯ ಸ್ಟಾಕ್ ತರಿಸಿದ್ದಳು. ದಸರೆಗೆ ನಾವು ಅವಳ ಮನೆಗೆ ಹೋದಾಗ, ಒಳಗೆ ಗುಂಡಿಲ್ಲವೆಂದು ಮೂರು ಸಲ ನೋಡಿ, ನನಗೂ ತೋರಿಸಿ, ಬಂದೂಕು ನನ್ನ ಮುಂದಿಟ್ಟಳು. "ಸರಿಯಾಗಿ ಕೂರುತ್ತದೆ" ಎಂದು ಡಬ್ಬಿಯ ಮೇಲೆ ಬರೆದಿದ್ದ ಸ್ಟಾಕ್ ಯಾವ ಕಡೆಯಿಂದಲೂ ಕೂರಲಿಲ್ಲ. ಒಂದು ಸ್ಕ್ರೂ ಹಿಡಿದರೆ ಇನ್ನೊಂದರ ತೂತು ಪಕ್ಕಕ್ಕೆ ಸರಿಯುತ್ತಿತ್ತು. ಗುಂಡು ಹೊರಡುವ ನಳಿಗೆ ಮರಕ್ಕೆ ಎಲ್ಲೂ ತಾಗಬಾರದು, ತಾಗಿದರೆ ಗುರಿ ತಪ್ಪುತ್ತದೆ, ನಡುವೆ ಕಾಗದದ ಚೂರು ಸಲೀಸಾಗಿ ಓಡಾಡಬೇಕು ಎಂಬುದು ನಿಯಮ. ಸಂಜೆಯವರೆಗೂ ಮರ ಉಜ್ಜಿದೆ. ಕಾಗದ ಓಡಾಡಿತು. "ಪಪ್ಪಾ, ಯು ಆರ್ ಎ ಜೀನಿಯಸ್!" ಎಂದಳು ಮಗಳು.

ಮರುದಿನ ಆಯುಧಪೂಜೆ. ಕಾರು, ಮಿಕ್ಸಿ, ಸ್ಟೆತಸ್ಕೋಪ್, ಬಂದೂಕು ಎಲ್ಲಕ್ಕೂ ಕುಂಕುಮವಿಟ್ಟು ಅಕ್ಷತೆ ಹಾಕಿದೆವು. ಅದರ ಮರುದಿನ ಗುರಿ ಅಭ್ಯಾಸದ ಬಯಲಿನಲ್ಲಿ ಗುಂಡುಗಳೆಲ್ಲ ಬಲಕ್ಕೆ ಹೋದವು. ಪ್ರತಿ ಸದ್ದಿಗೂ ನಾನು ಬೆಚ್ಚಿಬೀಳುತ್ತಿದ್ದೆ. ಮಗಳು ಬಂದೂಕು ಕೆಳಗಿಟ್ಟಳು.

"ಪಪ್ಪಾ, ಒಂದ ಗುಂಡಿಗೆ ಮುಗೀಬೇಕು. ಜಿಂಕಿ ಕಾಲಿಗೆ ಹತ್ತಿ ಕುಂಟಕೋತ ಓಡಿ ಹೋತಂದ್ರ? ಐ ಕಾಂಟ್ ಡೂ ದಟ್. ಇದು ಸೀದಾ ಹೊಡೀಲಿಲ್ಲಂದ್ರ ನಾ ಹೋಗೂದ ಇಲ್ಲ."

ಜಿಂಕೆ ಬದುಕಿತು ಎಂದು ನಾನು ಹಿಗ್ಗಬೇಕಿತ್ತು. ಆದರೆ ಮನಸ್ಸು, ನನ್ನ ಸ್ಟಾಕಿಗೆ ಏನಾಯಿತು, ಎನ್ನುತ್ತಿತ್ತು. ಮನೆಗೆ ಬಂದು ನೋಡಿದರೆ, ಮೊನ್ನೆ ಓಡಾಡಿದ ಕಾಗದ ಅರ್ಧದಲ್ಲೇ ನಿಂತಿತು. ಮರ ಉಬ್ಬಿತೇ? ನಳಿಗೆ ಬಾಗಿತೇ? ಸ್ಕ್ರೂ ಬಿಗಿ ಮಾಡಿದೆ, ಸಡಿಲ ಮಾಡಿದೆ, ಮತ್ತೆ ಮರಳುಕಾಗದ ಕೈಗೆತ್ತಿಕೊಂಡೆ. ಅಷ್ಟರಲ್ಲಿ ಹೆಂಡತಿ ಶೈಲಾ ಟಾರ್ಚ್ ಹಿಡಿದು ಬಗ್ಗಿದಳು.

"ಏನೋ ಕೆಂಪಗ ಕಾಣಸ್ತದ ನೋಡ್ರಿ ಅಲ್ಲೆ."

ನಳಿಗೆಗೂ ಮರಕ್ಕೂ ನಡುವೆ, ಕುಂಕುಮ ಮೆತ್ತಿದ ಒಂದು ಅಕ್ಕಿಕಾಳು ಬಿಗಿಯಾಗಿ ಕೂತಿತ್ತು. ಎಂಥ ಸ್ಟಾಕೂ ಅಷ್ಟು ಸರಿಯಾಗಿ ಕೂತಿರಲಾರದು.

"ನಾಕ ಕಾಳ ಹಾಕ್ರಿ ಅಂದಿದ್ದೆ ನಾ. ಲಗ್ನದಾಗ ಹಾಕಿದಂಗ ಮುಷ್ಟಿಗಟ್ಟಲೆ ಹಾಕಿದ್ರಿ!" ಎಂದಳು ಶೈಲಾ. ಮಗಳು ನಕ್ಕು ನಕ್ಕು ನೆಲದ ಮೇಲೆ ಕೂತಳು.

ಒಂದು ವಿಷಯ ಮಾತ್ರ ಅವರಿಬ್ಬರಿಗೂ ಹೇಳಲಿಲ್ಲ. ಆ ಮುಷ್ಟಿ ಅಕ್ಷತೆ ಹಾಕುವಾಗ ನಾನು ಕಣ್ಣು ಮುಚ್ಚಿ, ಈ ಬಂದೂಕಿನಿಂದ ಯಾವ ಜೀವಕ್ಕೂ ನೋವಾಗದಿರಲಿ, ಎಂದು ಬೇಡಿಕೊಂಡಿದ್ದೆ. ದೇವರು ಒಂದೇ ಕಾಳಿನಲ್ಲಿ, ಬೇಕಾದ ಜಾಗದಲ್ಲಿ, ಕೆಲಸ ಮುಗಿಸಿದ್ದ. ನಾನು ಅದನ್ನು ಹಲ್ಲುಕಡ್ಡಿಯಿಂದ ಕಿತ್ತು ತೆಗೆದೆ. ಮರುದಿನ ಗುಂಡುಗಳು ಸೀದಾ ಹೋದವು. ನನಗೆ ಹೆಮ್ಮೆಯಾಯಿತು; ಹೆಮ್ಮೆಪಟ್ಟದ್ದಕ್ಕೆ ಸಂಕಟವೂ ಆಯಿತು.

ಬೇಟೆಯ ದಿನ ಬೆಳಿಗ್ಗೆ ನೇಪರ್‌ವಿಲ್‌ನ ದೇವರಮನೆಯಲ್ಲಿ ಅಕ್ಷತೆ ಹಿಡಿದು ನಿಂತೆ. ಗುಂಡು ಗುರಿ ಮುಟ್ಟಲಿ ಎಂದರೆ ಜಿಂಕೆಯ ಗತಿ? ತಪ್ಪಲಿ ಎಂದರೆ ಮಗಳ ಮುಖ, ಜೊತೆಗೆ ನನ್ನ ಸ್ಟಾಕಿನ ಮರ್ಯಾದೆ.

"ಎಷ್ಟೊತ್ತು ನಿಂದರ್ತೀರಿ? ಎಲ್ಲೆ ಬೀಳ್ತದ ನೋಡಿ ಹಾಕ್ರಿ ಇವತ್ತರೆ" ಎಂದಳು ಶೈಲಾ.

ಬಂದೂಕು ಸೀದಾ ಹೊಡೆಯಲಿ, ಜಿಂಕೆಗಳು ಇವತ್ತು ಪಕ್ಕದ ಕೌಂಟಿಗೆ ಹೋಗಿರಲಿ, ಎಂದು ಬೇಡಿಕೊಂಡು ನಾಲ್ಕೇ ಕಾಳು ಹಾಕಿದೆ.

ಸಂಜೆ ಮಗಳ ಫೋನ್ ಬಂತು. ದಿನವಿಡೀ ಚಳಿಯಲ್ಲಿ ಕೂತರೂ ಒಂದೂ ಜಿಂಕೆ ಕಣ್ಣಿಗೆ ಬೀಳಲಿಲ್ಲವಂತೆ. "ಬ್ಯಾಡ್ ಲಕ್, ಪಪ್ಪಾ. ನಾಳೆ ಮತ್ತ ಹೋಗ್ತೀನಿ" ಎಂದಳು.

ನಾನು ದೇವರಮನೆಯ ಕಡೆ ಒಮ್ಮೆ ನೋಡಿ, "ಬಂದೂಕು ಭಾರ ಅನಸ್ಲಿಲ್ಲ ಹೌದಿಲ್ಲೋ?" ಎಂದು ಕೇಳಿದೆ.