'ಎತ್ತಿಡು' ಯಾರ ಮಾತು?

ಬರೆದದ್ದನ್ನು ಅಳಿಸಲಾಗದ ಜಾಗದಲ್ಲಿ ಹೆಂಡತಿಯ ಅಡುಗೆಯ ಬಗ್ಗೆ ಬರೆಯಬೇಡಿ. ಬೇಡ ಅಂದರೆ ಬೇಡ. ನಾನು ಬರೆದು ಕೆಟ್ಟಿದ್ದೇನೆ.

ಎರಡು ಸಾವಿರದ ಐದನೇ ಇಸವಿ. ಪಿರಿಯಾಪಟ್ಟಣದಲ್ಲಿ ನನ್ನದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್. ಎರಡು ಕಂಪ್ಯೂಟರ್ ಬಂದ ಮೇಲೆ ಬೋರ್ಡಿನಲ್ಲಿ ಅದು 'ಗಣಕ ವಿದ್ಯಾಕೇಂದ್ರ'ವಾಯಿತು. ಆಗಲೇ ನಾನೊಂದು ಘನಕಾರ್ಯಕ್ಕೆ ಸೇರಿದೆ. ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಒಂದು ಪುಕ್ಕಟೆ ಸಾಫ್ಟ್‌ವೇರು. ಅದನ್ನು ಕನ್ನಡಕ್ಕೆ ತರಲು ಬೇರೆ ಬೇರೆ ಊರಿನ ಹನ್ನೆರಡು ಜನ ಇಂಟರ್‌ನೆಟ್ಟಿನಲ್ಲೇ ಸೇರಿ ದುಡಿಯುತ್ತಿದ್ದೆವು. ಎಲ್ಲರೂ ಒಂದೇ ಫೈಲಿಗೆ ಕೈ ಹಾಕಿದರೆ ರಾಡಿಯಾಗುತ್ತದಲ್ಲ, ಅದಕ್ಕೊಂದು ವ್ಯವಸ್ಥೆಯಿತ್ತು. ಯಾರು, ಯಾವಾಗ, ಏನು ತಿದ್ದಿದರು ಎಂಬುದನ್ನೆಲ್ಲ ಅದು ನೆನಪಿಡುತ್ತಿತ್ತು. ಹಳೆಯದು ಯಾವುದೂ ಅಳಿಯುತ್ತಿರಲಿಲ್ಲ. ತಿದ್ದಿ ಕಳಿಸುವಾಗಲೆಲ್ಲ, ಏಕೆ ತಿದ್ದಿದೆ ಎಂದು ಕೆಳಗಿನ ಚೌಕದಲ್ಲಿ ಒಂದು ಸಾಲು ಬರೆಯಬೇಕಿತ್ತು.

ನಾನು ಇನ್‌ಲ್ಯಾಂಡ್ ಲೆಟರಿನ ಕಾಲದವನು. ಖಾಲಿ ಜಾಗ ಕಂಡರೆ ತುಂಬಿಸದೆ ಬಿಡುವವನಲ್ಲ. 'ಇಲ್ಲಿ ಎಲ್ಲರೂ ಕ್ಷೇಮ. ಈ ದಿನ ಮನೆಯವಳು ಬಸ್ಸಾರಿಗೆ ಎರಡು ಸಲ ಉಪ್ಪು ಹಾಕಿ, ನನ್ನ ನಾಲಗೆಯೇ ಕೆಟ್ಟಿದೆ ಎಂದು ಸಾಧಿಸಿದಳು. ನಾಲ್ಕು ಪದ ತಿದ್ದಿದ್ದೇನೆ.' (ಇದನ್ನು ಓದುವವರು ನಮ್ಮ ತಂಡದ ಮುಖ್ಯಸ್ಥರೊಬ್ಬರೇ ಎಂದುಕೊಂಡಿದ್ದೆ.)

ಒಂದು ಭಾನುವಾರ ರಾವಂದೂರಿನ ಶಾಹಿಸ್ತಾ ಮೇಡಂ ಮನೆಗೆ ಬಂದರು. ಆಕೆಯೂ ನಮ್ಮ ಹನ್ನೆರಡು ಜನರಲ್ಲಿ ಒಬ್ಬರು. ಕಾಫಿ ತಂದ ನನ್ನ ಹೆಂಡತಿ ಚೆಲುವಮ್ಮನನ್ನು ನೋಡಿ ಅಕ್ಕರೆಯಿಂದ, "ಬಸ್ಸಾರಿಗೆ ಎರಡು ಸಲ ಉಪ್ಪು ಹಾಕಿದ್ದು ನೀವೇ ಅಲ್ವಾ ಅಕ್ಕಾ? ನಾವೆಲ್ಲ ಓದಿ ನಕ್ಕಿದ್ದೇ ನಕ್ಕಿದ್ದು!" ಅಂದರು.

ಚೆಲುವಮ್ಮ ಆಗ ನಕ್ಕಳು. ಮೇಡಂ ಬಸ್ಸು ಹತ್ತಿದ ಮೇಲೆ ನಗಲಿಲ್ಲ. ಸೀದಾ ಇನ್‌ಸ್ಟಿಟ್ಯೂಟಿಗೆ ನಡೆದು ಕಂಪ್ಯೂಟರ್ ಮುಂದೆ ಕೂತು, "ತೋರ್ಸಿ" ಅಂದಳು. ಆ ಚೌಕದಲ್ಲಿ ನಾನು ಬರೆದಿದ್ದ ನಲವತ್ತೊಂದು ಒಕ್ಕಣೆಗಳನ್ನೂ ಓದಿದಳು. ಉಪ್ಪಿನ ಬಗ್ಗೆ ಸಮಜಾಯಿಷಿ ಜೋಡಿಸಿಕೊಂಡು ನಾನು ಪಕ್ಕದಲ್ಲಿ ನಿಂತಿದ್ದೆ.

"ಉಪ್ಪಿನ ಇಸ್ಯ ಅಂಗಿರ್ಲಿ ಬುಡಿ. ಈ 'ಎತ್ತಿಡು' ಅನ್ನೋ ಮಾತು ಯಾರ್ದು?"

ಮಾಡಿದ ಕೆಲಸ ಉಳಿಸಿಕೊಳ್ಳಲು ಒತ್ತುವ ಗುಂಡಿಗೆ ನಾನು 'ಸಂರಕ್ಷಿಸತಕ್ಕದ್ದು' ಎಂದು ಹೆಸರಿಟ್ಟು ನಗೆಪಾಟಲಾಗಿದ್ದೆ. ರಾಗಿ ಕೇರುತ್ತಿದ್ದ ಇವಳು, "ಎತ್ತಿಡು ಅನ್ನಿ, ಸಾಕು" ಅಂದಿದ್ದಳು. ಎಲ್ಲರೂ ಭೇಷ್ ಅಂದರು. ಅಲ್ಲಿಂದಾಚೆ ನಾನು ಕಳಿಸಿದ ಒಂದೊಂದು ಪದವೂ ಅವಳದೇ.

"ನಿಂದೇ ಕಣೇ."

"ಉಪ್ಪು ಜಾಸ್ತಿ ಆದ್ರೆ ನಾನು. ಪದ ಸರಿಯಾಗಿದ್ರೆ ನೀಲಕಂಠಸ್ವಾಮಿ!" (ಮದುವೆಯಾಗಿ ಹದಿನೆಂಟು ವರ್ಷಕ್ಕೆ ಮೊದಲ ಸಲ ನನ್ನ ಹೆಸರು ಅವಳ ಬಾಯಲ್ಲಿ ಬಂತು.) "ನಲವತ್ತೊಂದ್ರಲ್ಲಿ ಒಂದ್ಕಡೆನಾದ್ರೂ ನನ್ನೆಸ್ರು ಬರ್ದಿದ್ದೀರಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಪದಗಳೆಲ್ಲ ನನ್ನ ಹೆಂಡತಿ ಚೆಲುವಮ್ಮನವು, ಹೆಸರು ಬದಲಿಸಿಕೊಡಿ ಎಂದು ಮುಖ್ಯಸ್ಥರಿಗೆ ಬರೆದುಕೊಂಡೆ. ಮರುದಿನವೇ ಉತ್ತರ ಬಂತು: 'ಹಳೆಯದನ್ನು ತಿದ್ದುವ ಪದ್ಧತಿ ನಮ್ಮಲ್ಲಿಲ್ಲ. ಇನ್ನು ಮುಂದೆ ಅವರ ಹೆಸರಿನಲ್ಲೇ ಕಳಿಸಿ. ಅಂದಹಾಗೆ, ನಿಮ್ಮ ಸ್ವಂತದ್ದು ಯಾವುದು?' ಹುಡುಕಿದೆ. 'ಸಂರಕ್ಷಿಸತಕ್ಕದ್ದು' ಬಿಟ್ಟರೆ ಏನೂ ಸಿಗಲಿಲ್ಲ.

ಈಗ ಅವಳು ಹೇಳುತ್ತಾಳೆ, ನಾನು ಟೈಪ್ ಮಾಡುತ್ತೇನೆ. ಕೆಳಗಿನ ಚೌಕಕ್ಕೂ ಅವಳೇ ಹೇಳಿ ಬರೆಸುತ್ತಾಳೆ (ನನ್ನ ಗೊರಕೆ ಆಗಲೇ ಮೂರು ಸಲ ಬಂದಿದೆ). ಆದರೆ 'ಎತ್ತಿಡು' ಯಾರದೆಂದು ಕೇಳಿದರೆ ಕಂಪ್ಯೂಟರ್ ಇವತ್ತಿಗೂ ನನ್ನ ಹೆಸರನ್ನೇ ತೋರಿಸುತ್ತದೆ. ಮೊನ್ನೆ ಅವಳೇ ತೆಗೆಸಿ ನೋಡಿದಳು.

"ಓಗ್ಲಿ ಬುಡಿ, ಪಾಪ, ಅದ್ಕೇನ್ ಗೊತ್ತು?" ಅಂದು ಎದ್ದಳು.

ಗೊತ್ತಿದ್ದವನು ಪಕ್ಕದಲ್ಲೇ ಕೂತಿದ್ದೆ.