ಎಐ ಕರೆದ ಊಟ

"ಇನ್ನು ಮುಂದೆ ಈ ಕೈ ಕೋಡ್ ಬರೆಯುವುದಿಲ್ಲ, ಆಜ್ಞೆ ಮಾಡುತ್ತದೆ!" ಎಂದು ಏಲಕ್ಕಿ ಕಾಫಿ ಹೀರುತ್ತ ಘೋಷಿಸಿದೆ. ಎಐ ಕೋಡ್ ಬರೆದು "ಮುಂದುವರಿಯಲೇ?" ಎನ್ನುತ್ತದೆ, ನಾನು ಓದದೆಯೇ "ಹೂಂ" ಒತ್ತುತ್ತೇನೆ. ಆಫೀಸಿನಲ್ಲಿ ಈಗ ನನ್ನ ಘನಕಾರ್ಯ ಇಷ್ಟೇ!

"ಹೂಂ ಅನ್ನೋಕೂ ಸಂಬಳಾನಾ, ಮುಹನ್ನದ್?" ಎಂದಳು ಹೆಂಡತಿ ಸುಹೈರ್. ಈದ್ ಶುಭಾಶಯಗಳಿಗೆ ಉತ್ತರ ಬರೆದೂ ಬರೆದೂ ಅವಳ ಹೆಬ್ಬೆರಳು ಸೋತಿತ್ತು.

"ಕೊಡಿಲ್ಲಿ ಫೋನು! ನಿನ್ನ ಹಾಗೇ ಉತ್ತರ ಕೊಡೋ ಪ್ರೋಗ್ರಾಂ ಮಾಡಿಸ್ತೀನಿ."

"ಹುಷಾರು! ನನ್ನ ಮರ್ಯಾದೆ ಇದೆ ಅದರಲ್ಲಿ!"

ಅವಳ ಹಳೆಯ ಸಂದೇಶಗಳನ್ನೆಲ್ಲ ಎಐಗೆ ಉಣಿಸಿದೆ. ಕೇಳಿದ್ದಕ್ಕೆಲ್ಲ ಹೂಂ ಎಂದೆ. ಕೆಲಸ ಮುಗಿಯಿತು!

ಶುಕ್ರವಾರದ ನಮಾಜು ಮುಗಿಸಿ ಬಂದರೆ ಬಾಗಿಲಲ್ಲಿ ಅವಳ ದೊಡ್ಡಮ್ಮ ಉಮ್ ಕುತೈಬಾ! ಹಿಂದೆ ಮಕ್ಕಳು, ಸೊಸೆಯರು, ಮೊಮ್ಮಕ್ಕಳು. ಅವರ ಹಿಂದೆ, ಮೆಟ್ಟಿಲಿಳಿದು ಬೀದಿಯವರೆಗೆ, ಸುಹೈರಳ ಇಡೀ ಕುಲ!

ಓಡಿಹೋಗಿ ಪ್ರೋಗ್ರಾಂ ನೋಡಿದೆ. ನಮ್ಮ ಅಮ್ಮಾನ್ ನಗರದಲ್ಲಿ "ಊಟಕ್ಕೆ ಬರಲೇಬೇಕು, ಆಣೆ!" ಎನ್ನದೆ ಮಾತು ಮುಗಿಸಿದರೆ ಒರಟರು ಎನ್ನುತ್ತಾರೆ. ಕರೆದವರು ಕಾಯುವುದಿಲ್ಲ, ಕರೆಸಿಕೊಂಡವರು ಬರುವುದಿಲ್ಲ. ಸುಹೈರಳ ಹಳೆಯ ಸಂದೇಶಗಳ ತುಂಬ ಇಂಥ ಕರೆಗಳೇ. ಎಐ ಪಾಪ, ಶ್ರದ್ಧೆಯಿಂದ ಕೇಳಿತ್ತು: "ಆಹ್ವಾನಗಳಲ್ಲಿ ದಿನವಿಲ್ಲ, ಸಮಯವಿಲ್ಲ. ದೋಷ ತಿದ್ದಿ, ಶುಕ್ರವಾರ ಒಂದೂವರೆಗೆ ಎಂದು ಎಲ್ಲರಿಗೂ ಕಳಿಸಲೇ?" ಕೆಳಗೆ ನನ್ನದೇ ಹೂಂ!

ಸುಹೈರಳ ಮುಖ ಬಿಳಿಚಿತು. "ಒಲೆ ಮೇಲಿರೋದು ಬೇಳೆ ಸಾರು! ಬಂದೋರನ್ನ ಹಸಿದ ಹೊಟ್ಟೇಲಿ ಕಳಿಸಿದ್ರೆ ನಮ್ಮಪ್ಪನ ಹೆಸರು ಮಣ್ಣುಪಾಲು! ನಿಂತು ನೋಡ್ತಿದ್ದೀಯಲ್ಲ, ಹೋಗಿ ಕುರಿ ತಾ!"

"ಎಷ್ಟು?"

"ಮನೇಲಿರೋ ಒಂದು ಕುರಿ ಸಾಲಲ್ಲ, ಇನ್ನೂ ಮೂರು!" ಎಂದು ನನ್ನನ್ನೇ ಮೇಲಿಂದ ಕೆಳಗೆ ನೋಡಿದಳು.

ಕಟುಕನ ಕಾಲು ಹಿಡಿದೆ. ನೆರೆಮನೆಗಳ ಕೊಪ್ಪರಿಗೆ ಹೊತ್ತೆ. ರಟ್ಟೆ ಬಿದ್ದುಹೋಗುವವರೆಗೆ ಮೊಸರು ಕಲಕಿದೆ. ಹೊತ್ತು ವಾಲುವಾಗ ಅನ್ನ, ಮಾಂಸ, ಮೊಸರಿನ ಮನ್ಸಫ್ ಹರಿವಾಣಗಳು ಬಂದವು. ದೊಡ್ಡಮ್ಮ ಬೆರಳು ನೆಕ್ಕಿಕೊಂಡರು.

"ಮದುವೆಯಾದಾಗಿನಿಂದ ನೀನು ಬನ್ನಿ ಬನ್ನಿ ಅಂತಿದ್ದೆ ಕಣೇ. ಈ ಸಲ ಮನಸಾರೆ ಕರೆದೆ!"

ಸುಹೈರ್ ಅರಳಿದಳು. ನಾನು ಎದೆಯುಬ್ಬಿಸಿದೆ. "ನೋಡಿದ್ಯಾ ನನ್ನ ಎಐನ!"

ಮನೆ ಸೇರಿದ ನೆಂಟರೆಲ್ಲ ರೂಢಿಯಂತೆ "ಮುಂದಿನ ಶುಕ್ರವಾರ ನಮ್ಮನೆಗೆ!" ಎಂದು ಸಂದೇಶ ಕಳಿಸಿದರು. ಅಯ್ಯೋ, ಪ್ರೋಗ್ರಾಂ ಆರಿಸುವುದನ್ನೇ ಮರೆತಿದ್ದೆ! ಅದು ಹನ್ನೊಂದು ಮನೆಗೂ ಉತ್ತರಿಸಿತ್ತು: "ಮುಹನ್ನದ್ ಖಂಡಿತ ಬರುತ್ತಾರೆ. ಒಂದೂವರೆಗೆ."

"ಹನ್ನೊಂದು ಊಟಾನಾ? ಒಪ್ಪಿಕೊಂಡಿದ್ದು ಯಂತ್ರ ಕಣೇ, ನಾನಲ್ಲ!"

"ಯಂತ್ರಾನೇ, ಯಾರು ಇಲ್ಲ ಅಂದ್ರು?" ಎಂದಳು ಸುಹೈರ್. "ದೊಡ್ಡಮ್ಮ ಆಗಲೇ ಕುರಿಗೆ ಹೇಳಿದ್ದಾರಂತೆ. ಹೊಟ್ಟೆ ಯಾರದ್ದು?"